ಕಪಾಟಿಗೆ ಬಣ್ಣ ಹಚ್ಚುವ ಮೊದಲು ಕೈ ಎಲ್ಲಿ ತಾಗುತ್ತದೆ ನೋಡಿ

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಡುಗೆಮನೆಯ ಲೈಟ್ ಆರಿಸಿ, ಮೊಬೈಲಿನ ಟಾರ್ಚ್ ಹಾಕಿ, ಒಲೆ ಪಕ್ಕದ ಕಪಾಟಿನ ಬಾಗಿಲಿಗೆ ಪಕ್ಕದಿಂದ ಬೆಳಕು ಬಿಡಿ. ಹಿಡಿಯ ಸುತ್ತ ಅಂಗೈ ಅಗಲದ ಒಂದು ಕಲೆ ಕಾಣುತ್ತದೆ. ಒಗ್ಗರಣೆ ಎಣ್ಣೆ, ಅರಿಶಿನ, ಹಿಟ್ಟಿನ ಕೈ, ಒದ್ದೆ ಕೈ, ಎಲ್ಲ ಸೇರಿ ವರ್ಷಗಟ್ಟಲೆ ಕೂತದ್ದು. ಅದೇ ಬಾಗಿಲಿನ ಮೇಲಿನ ಮೂಲೆ ನೋಡಿ. ಹಾಕಿಸಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ನಾನು ಇವತ್ತು ಹೇಳುವುದೆಲ್ಲ ಈ ಎರಡು ಜಾಗಗಳ ಮೇಲೆ ನಿಂತಿದೆ. ಕೈ ತಾಗುವ ಜಾಗಕ್ಕೆ ಬೇಕಾದ ಬಣ್ಣವೇ ಬೇರೆ, ಬರೀ ಕಣ್ಣಿಗೆ ಬೀಳುವ ಜಾಗಕ್ಕೆ ಬೇಕಾದ ಬಣ್ಣವೇ ಬೇರೆ.

ಇಷ್ಟು ಸರಳ ವಿಷಯ, ಆದರೆ ಹಳೇ ಸಾಮಾನಿಗೆ ಬಣ್ಣ ಹಚ್ಚುವ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹತ್ತು ನಿಮಿಷದಲ್ಲಿ ಹಳೇ ಮೇಜು ಹೊಸದಾಗುತ್ತದೆ, ಹಿಂದೆ ಸಂಗೀತ ಬೇರೆ ಇರುತ್ತದೆ. ನೋಡಿದವರಿಗೆ ಅಡುಗೆಮನೆಯ ಇಪ್ಪತ್ತು ಬಾಗಿಲಿಗೂ ಅದನ್ನೇ ಹಚ್ಚಿಬಿಡೋಣ ಅನಿಸುತ್ತದೆ. ಹಚ್ಚುತ್ತಾರೆ. ದೀಪಾವಳಿಗೆ ಚೆನ್ನಾಗಿರುತ್ತದೆ, ಯುಗಾದಿಯ ಹೊತ್ತಿಗೆ ಹಿಡಿ ಸುತ್ತ ಸಿಪ್ಪೆ ಎದ್ದಿರುತ್ತದೆ.

ಮೊದಲು ನಿಮ್ಮ ಹತ್ತಿರ ಇರುವ ಸಾಮಾನು ಯಾವುದರಿಂದ ಮಾಡಿದ್ದು ಅಂತ ತಿಳಿದುಕೊಳ್ಳಿ. ತಾತನ ಕಾಲದ ತೇಗ, ಹಲಸು, ಬೀಟೆ ಒಂದು ಗುಂಪು. ಈಗಿನ ಮಾಡ್ಯುಲರ್ ಕಿಚನ್ ಅಂದರೆ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಮೇಲೆ ಸನ್‌ಮೈಕಾ. ಆನ್‌ಲೈನಲ್ಲಿ ಡಬ್ಬದಲ್ಲಿ ಬಂದು ನಾವೇ ಸ್ಕ್ರೂ ಹಾಕಿ ನಿಲ್ಲಿಸುವ ಕಪಾಟುಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್. ಆಮೇಲೆ ಪ್ರತಿ ಮನೆಯಲ್ಲೂ ಒಂದು ಕಬ್ಬಿಣದ ಬೀರು ಇದ್ದೇ ಇರುತ್ತದೆ, ಅಲ್ವಾ? ಗೊತ್ತಾಗದಿದ್ದರೆ ಬಾಗಿಲಿನ ಒಂದು ಹಿಂಜ್ ಬಿಚ್ಚಿ. ಅದು ಕೂರುವ 35 ಮಿಲಿಮೀಟರ್ ಅಗಲದ ದುಂಡು ಗುಳಿಯೊಳಗೆ ಬಣ್ಣ ಇರುವುದಿಲ್ಲ, ಒಳಗಿನ ವಸ್ತು ಹಾಗೇ ಕಾಣುತ್ತದೆ. ಪದರ ಪದರ ಇದ್ದರೆ ಪ್ಲೈವುಡ್. ನುಣ್ಣಗೆ ಕಂದು ಹಿಟ್ಟು ಒತ್ತಿದ ಹಾಗಿದ್ದರೆ ಎಂಡಿಎಫ್. ಚೂರು ಚೂರು ಹೊಟ್ಟು ಕಂಡರೆ ಪಾರ್ಟಿಕಲ್ ಬೋರ್ಡ್.

ಸಿಂಕಿನ ಕೆಳಗಿನ ಕಪಾಟು ನೀರು ಕುಡಿದು ಉಬ್ಬಿದ್ದರೆ ಅದಕ್ಕೆ ಯಾವ ಬಣ್ಣವೂ ಔಷಧಿಯಲ್ಲ. ಕಾರ್ಪೆಂಟರನ್ನು ಕರೆಸಿ ಹಲಗೆ ಬದಲಾಯಿಸಿ. ಉಬ್ಬಿದ ಎಂಡಿಎಫ್ ಮತ್ತೆ ಇಳಿಯುವುದಿಲ್ಲ.

ಹಳೇ ಮರದ ಸಾಮಾನಿಗೆ ಇನ್ನೊಂದು ಪರೀಕ್ಷೆ ಇದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ, ಕಾಣದ ಕಡೆ, ಕಾಲಿನ ಹಿಂಬದಿಯಲ್ಲೋ ಮತ್ತೆಲ್ಲೋ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆತ್ತಗಾಗಿ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್, ನಮ್ಮವರು ಫ್ರೆಂಚ್ ಪಾಲಿಶ್ ಅನ್ನುವುದು. ಸ್ಪಿರಿಟ್‌ಗೆ ಬಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಅನ್ನುವ ಗಟ್ಟಿ ಫಿನಿಶ್ ಇರಬೇಕು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಅರಗಿನ ಪಾಲಿಶ್ ಇರುವ ಬೀಟೆ ಮೇಜಿಗೆ ಬಣ್ಣ ಹಚ್ಚುವುದೇ ಬೇಡ. ಅರಗಿನ ಗುಣ ಏನೆಂದರೆ ಸ್ಪಿರಿಟ್ ತಾಗಿದ ತಕ್ಷಣ ಹಳೇ ಪದರ ಕರಗಿ ಹೊಸದರ ಜೊತೆ ಒಂದಾಗುತ್ತದೆ. ಮೇಲಿನ ಕೊಳೆ ತೆಗೆದು, ಬಟ್ಟೆಯ ಉಂಡೆಯಿಂದ ತೆಳ್ಳಗೆ ನಾಲ್ಕು ಸಲ ಪಾಲಿಶ್ ಎಳೆದರೆ ಮರ ಮತ್ತೆ ಎದ್ದು ಬರುತ್ತದೆ. ಬೀಟೆಗೆ ಗಿಣಿಹಸಿರು ಬಣ್ಣ ಹೊಡೆದು ಫೋಟೋ ಹಾಕುವವರನ್ನು ನೋಡಿದ್ದೇನೆ. ನಿಮ್ಮ ಮನೆ, ನಿಮ್ಮ ಇಷ್ಟ. ಆದರೆ ಆಮೇಲೆ ಆ ಬಣ್ಣ ನಾರಿನ ಸಂದಿಯಿಂದ ಪೂರ್ತಿ ಹೋಗುವುದಿಲ್ಲ, ಅದು ಗೊತ್ತಿದ್ದು ಮಾಡಿ.

ಈಗ ಕೊಳೆ ತೆಗೆಯುವ ವಿಷಯ. ಇದರಲ್ಲಿ ಯಾರಿಗೂ ಆಸಕ್ತಿ ಇರುವುದಿಲ್ಲ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೂ ಕೇಳಿ. ಎಣ್ಣೆ ಜಿಡ್ಡಿನ ಮೇಲೆ ಸ್ಯಾಂಡ್ ಪೇಪರ್ ಉಜ್ಜಿದರೆ ಜಿಡ್ಡು ಹೋಗುವುದಿಲ್ಲ, ಗೀರುಗಳೊಳಗೆ ಇಳಿಯುತ್ತದೆ. ಹಾಗಾಗಿ ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ. ಬಿಸಿನೀರಿಗೆ ವಾಷಿಂಗ್ ಸೋಡಾ ಸ್ವಲ್ಪ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ, ಕೈಗೆ ಗ್ಲೌಸ್. ಬಟ್ಟೆ ಹಿಂಡಿ ಒರೆಸಿ, ಹಲಗೆ ನೆನೆಸಬೇಡಿ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ, ಸೋಡಾ ಉಳಿದರೂ ಬಣ್ಣ ಕೂರುವುದಿಲ್ಲ. ದೇವರ ಮನೆಯ ಕಪಾಟಿಗೆ ಇನ್ನೂ ಜಾಸ್ತಿ ಗಮನ ಬೇಕು, ದೀಪದ ಎಣ್ಣೆ, ಹೊಗೆ, ಕುಂಕುಮ ಮೂರೂ ಇರುತ್ತವೆ. ಮಿರಮಿರ ಅನ್ನಲಿ ಅಂತ ಸ್ಪ್ರೇ ಪಾಲಿಶ್ ಹೊಡೆಯುತ್ತೀರಲ್ಲ, ಅದರಲ್ಲಿ ಸಿಲಿಕೋನ್ ಇದ್ದರೆ ಹೊಸ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಪೇಂಟರ್‌ಗಳು ಬಣ್ಣದ ಕಂಪನಿಯನ್ನು ಬೈಯುತ್ತಾರೆ, ತಪ್ಪು ಸ್ಪ್ರೇದು.

ಬಾಗಿಲುಗಳನ್ನು ಬಿಚ್ಚಿಯೇ ಹಚ್ಚಬೇಕು. ಬಿಚ್ಚುವಾಗ ನಂಬರ್ ಹಾಕಿಕೊಳ್ಳಿ. ಕಾಗದದ ಚೀಟಿ ಅಂಟಿಸಿದರೆ ಬಣ್ಣ ಹಚ್ಚುವಾಗ ಕಿತ್ತು ಹೋಗುತ್ತದೆ. ಆ ಹಿಂಜಿನ ಗುಳಿಯೊಳಗೇ ಪೆನ್ಸಿಲಿನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ. ಕೆಲಸ ಮುಗಿದ ಮೇಲೆ ಹಿಂಜ್ ಅದನ್ನು ಮುಚ್ಚುತ್ತದೆ. ಹಿಡಿ ಬದಲಾಯಿಸುವ ಯೋಚನೆ ಇದ್ದರೆ ಹಳೇ ತೂತುಗಳ ನಡುವಿನ ಅಂತರ ಅಳೆದುಕೊಂಡು ಅಂಗಡಿಗೆ ಹೋಗಿ. 96, 128, 160 ಮಿಲಿಮೀಟರ್, ಹೀಗೆ 32ರ ಲೆಕ್ಕದಲ್ಲಿ ಬರುತ್ತವೆ. ಅಳೆಯದೆ ಚೆಂದ ಅಂತ ತಂದರೆ ಹಳೇ ತೂತು ಮುಚ್ಚಿ ಹೊಸ ತೂತು ಕೊರೆಯುವ ಕೆಲಸ ಬೀಳುತ್ತದೆ.

ಉಜ್ಜುವುದಕ್ಕೆ 180 ಅಥವಾ 220 ನಂಬರ್ ಪೇಪರ್ ಸಾಕು. ಸನ್‌ಮೈಕಾದ ಹೊಳಪು ಹೋಗಿ ಮಂಕಾದರೆ ಮುಗಿಯಿತು, ಅದನ್ನು ಕೆರೆದು ತೆಗೆಯಬೇಕಾಗಿಲ್ಲ. ಅಂಚಿನ ಪಟ್ಟಿ ಎದ್ದಿದ್ದರೆ ಮೊದಲು ಅಂಟಿಸಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳೇ ಎನಾಮಲ್ ಬಣ್ಣ ಇರುವ ತೊಟ್ಟಿಲು, ಮಂಚ, ಕಿಟಕಿಗಳನ್ನು ಒಣಗಿದ್ದ ಹಾಗೇ ಉಜ್ಜಬೇಡಿ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಗಾಢ ಹಳದಿ, ಕೆಂಪು, ಹಸಿರು ಎನಾಮಲ್‌ನಲ್ಲಿ ಸೀಸ ಎಷ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ಆ ಧೂಳು ಮಕ್ಕಳ ಹೊಟ್ಟೆಗೆ ಹೋದರೆ ಮಿದುಳಿಗೇ ತೊಂದರೆ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿ, ಒಳ್ಳೇ ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಆ ರಾಡಿಯನ್ನು ಸುತ್ತಿ ಬಿಸಾಡಿ. ಮನೆಯಲ್ಲಿ ಬಸುರಿ, ಬಾಣಂತಿ, ಚಿಕ್ಕ ಮಕ್ಕಳು ಇದ್ದರೆ ಆ ಕೆಲಸವನ್ನು ಮನೆಯೊಳಗೆ ಮಾಡಲೇಬೇಡಿ.

ಪ್ರೈಮರ್ ಬಗ್ಗೆ ಹೇಳುವ ಮೊದಲು ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ನೀವು ನೋಡಿರಬಹುದು. ಅಲ್ಲಿನ ಚಿತ್ರಗಾರರು ಮರ ಕೆತ್ತಿದ ತಕ್ಷಣ ಬಣ್ಣಕ್ಕೆ ಕೈ ಹಾಕುವುದಿಲ್ಲ. ಗೋಣಿ ನಾರಿನ ಪುಡಿಗೆ ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡುತ್ತಾರೆ, ಸಂದಿಗೊಂದಿಗಳನ್ನು ಅದರಲ್ಲಿ ತುಂಬುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಇಷ್ಟೆಲ್ಲ ಆದ ಮೇಲೆ ಬಣ್ಣದ ಸರದಿ. ನಾವು ಕಂಪನಿ ಡಬ್ಬದಿಂದ ಪುಟ್ಟಿ, ಪ್ರೈಮರ್ ತೆಗೆದು ಮಾಡುವುದೂ ಇದೇ. ಇಷ್ಟಿದ್ದೂ ಜನ ಪ್ರೈಮರ್‌ನಲ್ಲಿ ದುಡ್ಡು ಉಳಿಸಲು ನೋಡುತ್ತಾರೆ, ನನಗಂತೂ ಅರ್ಥವಾಗುವುದಿಲ್ಲ.

ಸನ್‌ಮೈಕಾಗೆ ಮಾಮೂಲಿ ವುಡ್ ಪ್ರೈಮರ್ ಹಿಡಿಯುವುದಿಲ್ಲ. ನುಣುಪಾದ ಮೇಲ್ಮೈಗೆ ಅಂಟಿಕೊಳ್ಳುವ ಬಾಂಡಿಂಗ್ ಪ್ರೈಮರ್ ಅಂತಲೇ ಕೇಳಿ ತನ್ನಿ. ಒಣಗಿದ ಮರುದಿನ ಉಗುರಿನಲ್ಲಿ ಗೀರಿ ನೋಡಿ. ಎದ್ದು ಬಂದರೆ ಅಲ್ಲೇ ನಿಲ್ಲಿಸಿ, ಮೇಲೆ ಇನ್ನೆಷ್ಟು ಕೋಟ್ ಹಾಕಿದರೂ ಎಲ್ಲ ಒಟ್ಟಿಗೇ ಬರುತ್ತದೆ. ತೇಗಕ್ಕೆ, ಹಲಸಿಗೆ ಬಿಳಿ ಬಣ್ಣ ಹಚ್ಚುವವರಿಗೆ ಬೇರೆ ತಲೆನೋವು. ಮರದೊಳಗಿನ ಬಣ್ಣ ನೀರಿನ (ತಿನ್ನರ್ ಬದಲು ನೀರು ಬೆರೆಸುವ) ಪ್ರೈಮರನ್ನು ದಾಟಿ ಹಳದಿ, ಕಂದು ಕಲೆಯಾಗಿ ಮೇಲೆ ಬರುತ್ತದೆ. ಮತ್ತೊಂದು ಕೋಟ್, ಮತ್ತೆ ಅದೇ ಕಲೆ. ಅಲ್ಲಿಗೆ ಅರಗಿನ ಪದರವೇ ಮದ್ದು. ಮೇಣ ತೆಗೆದ ಅರಗಿನ ಸೀಲರ್ ಒಂದು ಕೈ ಎಳೆದರೆ ಕಲೆ ಕೆಳಗೇ ಉಳಿಯುತ್ತದೆ. ಎಂಡಿಎಫ್‌ನಲ್ಲಿ ಅಂಚು ಬಣ್ಣ ಹೀರುತ್ತದೆ, ಹಾಗಾಗಿ ಅಂಚಿಗೆ ಮಾತ್ರ ಪುಟ್ಟಿ ಒಂದು ಕೈ ಜಾಸ್ತಿ. ಕಬ್ಬಿಣದ ಬೀರುವಿಗೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮಲ್. ಅದರಲ್ಲಿ ಹೇಳುವಂಥದ್ದು ಬೇರೇನೂ ಇಲ್ಲ.

ಈಗ ಅಡುಗೆಮನೆ. ಇಲ್ಲಿ ಕೈ ತಾಗದ ಜಾಗ ಕಡಿಮೆ. ಹಾಗಾಗಿ ಅಲಂಕಾರ ಕಡಿಮೆ ಮಾಡಿ, ಗಟ್ಟಿತನಕ್ಕೆ ದುಡ್ಡು ಹಾಕಿ. ನೀರಿನ ಎನಾಮಲ್ ಅಥವಾ ಪಿಯು, ಸ್ಯಾಟಿನ್ ಹೊಳಪಿನದು, ಫೋಮ್ ರೋಲರ್‌ನಲ್ಲಿ ತೆಳ್ಳಗೆ ಎರಡು ಮೂರು ಕೋಟ್. ಎಣ್ಣೆ ಎನಾಮಲ್ ಗಟ್ಟಿ ಹೌದು, ಆದರೆ ಬಿಳಿ ಬಣ್ಣವಾದರೆ ಬೆಳಕು ಬೀಳದ ಕಡೆ ಬೇಗ ಹಳದಿಯಾಗುತ್ತದೆ. ಬಾಗಿಲು ತೆರೆದರೆ ಒಳಮೈ ಒಂದು ಬಣ್ಣ, ಹೊರಮೈ ಒಂದು ಬಣ್ಣ. ಹೊಳಪೇ ಇಲ್ಲದ ಪೂರ್ತಿ ಮ್ಯಾಟ್ ತಗೋಬೇಡಿ, ಅರಿಶಿನದ ಕಲೆ ಉಜ್ಜಿದ ಕಡೆ ಹೊಳೆಯತೊಡಗುತ್ತದೆ. ಅಲಂಕಾರ ಬೇಕೇ ಬೇಕು ಅಂದರೆ ಮೇಲಿನ ಸಾಲಿನ ಎರಡು ಬಾಗಿಲು ಆರಿಸಿ, ವರ್ಷಕ್ಕೊಮ್ಮೆ ತೆರೆಯುವ ದೊಡ್ಡ ಪಾತ್ರೆಗಳ ಬಾಗಿಲುಗಳು ಇರುತ್ತವಲ್ಲ, ಅವು. ಅಲ್ಲಿ ಏನು ಬೇಕಾದರೂ ಮಾಡಿ.

ಚಾಕ್ ಪೇಂಟ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆನಿ ಸ್ಲೋನ್ ಅನ್ನುವವರು 1990ರಲ್ಲಿ ಆ ಹೆಸರಿನ ಬಣ್ಣ ತಂದರು. ಉಜ್ಜದೆ, ಪ್ರೈಮರ್ ಇಲ್ಲದೆ ಹಚ್ಚಬಹುದು ಅನ್ನುವುದೇ ಅದರ ಆಕರ್ಷಣೆ. ಒಣಗಿದರೆ ಸುಣ್ಣದ ಗೋಡೆಯಂಥ ಮಂಕು ಮೈ. ಮನೆಯಲ್ಲೂ ಮಾಡಿಕೊಳ್ಳಬಹುದು. ಗೋಡೆಗೆ ಹಚ್ಚುವ ಮ್ಯಾಟ್ ಎಮಲ್ಷನ್ ಮೂರು ಪಾಲು, ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಒಂದು ಪಾಲು. ಪುಡಿಯನ್ನು ಮೊದಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಬಣ್ಣಕ್ಕೆ ಸೇರಿಸಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುವವರೂ ಇದ್ದಾರೆ, ಆದರೆ ಅದು ಡಬ್ಬದಲ್ಲೇ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಬೇಕು. ಸೈಡ್ ಟೇಬಲ್, ಕನ್ನಡಿ ಚೌಕಟ್ಟು, ಪುಸ್ತಕದ ಕಪಾಟು, ಇವಕ್ಕೆ ಇದು ಬಹಳ ಚೆಂದ. ಮೇಲೆ ಮೇಣ ಹಚ್ಚುವುದು ಆ ದೇಶದ ರೂಢಿ. ನಮ್ಮ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಒಲೆ ಹತ್ತಿರವಂತೂ ಬೇಡವೇ ಬೇಡ. ನೀರಿನ ಕ್ಲಿಯರ್ ಪಿಯು ಹಚ್ಚಿ. ತಿನ್ನರ್ ಹಾಕುವ ಪಿಯು ತಿಳಿ ಬಣ್ಣದ ಮೇಲೆ ಹಳದಿ ಛಾಯೆ ಬಿಡಬಹುದು.

ಹಳೆಯದಾಗಿ ಕಾಣುವ ಫಿನಿಶ್, ಡಿಸ್ಟ್ರೆಸ್ ಅನ್ನುತ್ತಾರಲ್ಲ, ಅದರಲ್ಲಿ ಒಂದು ಸಣ್ಣ ಉಪಾಯ ಇದೆ. ಕೆಳಗೆ ಗಾಢ ಬಣ್ಣ ಹಚ್ಚಿ ಒಣಗಿಸಿ. ಈಗ ಮನೆಯ ಮೋಂಬತ್ತಿ ತಗೊಂಡು ಅಂಚು, ಮೂಲೆ, ಡ್ರಾಯರಿನ ತುಟಿ, ಹಿಡಿಯ ಪಕ್ಕ, ಇಷ್ಟು ಕಡೆ ಒಂದೆರಡು ಸಲ ಎಳೆಯಿರಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಜಾರುತ್ತದೆ. ಮೇಲೆ ತಿಳಿ ಬಣ್ಣ ಹಚ್ಚಿ. ಒಣಗಿದ ಮೇಲೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಮೇಣ ಇದ್ದಲ್ಲಿ ಮೇಲಿನ ಬಣ್ಣ ಪುಡಿಯಾಗಿ ಉದುರಿ ಕೆಳಗಿನದು ಇಣುಕುತ್ತದೆ. ಉಳಿದ ಮೇಣವನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಕ್ಲಿಯರ್ ಕೋಟ್ ಅಲ್ಲಿ ಕೂರುವುದಿಲ್ಲ. ಎಲ್ಲಿ ಸವೆಸಬೇಕು ಅನ್ನುವುದಕ್ಕೂ ಮತ್ತೆ ಕೈಯೇ ಲೆಕ್ಕ. ನೂರು ವರ್ಷ ಬಳಸಿದ ಪೆಟ್ಟಿಗೆ ಎಲ್ಲಿ ಸವೆದಿರುತ್ತದೆ? ಕೈ ಹಿಡಿದಲ್ಲಿ, ಕಾಲು ಒರೆಸಿದಲ್ಲಿ. ಬಾಗಿಲಿನ ನಟ್ಟನಡುವೆ ಯಾರೂ ಸವೆಸುವುದಿಲ್ಲ. ಆದರೆ ಅಂಗಡಿಗಳಲ್ಲಿ ನೋಡಿ, ನಡುವೆಯೇ ಉಜ್ಜಿ ಇಟ್ಟಿರುತ್ತಾರೆ, ನೋಡಿದ ತಕ್ಷಣ ಸುಳ್ಳು ಅಂತ ಗೊತ್ತಾಗುತ್ತದೆ.

ಬಿರುಕಿನ ಫಿನಿಶ್‌ಗೆ ದುಬಾರಿ ಬಾಟಲಿ ಬೇಕಾಗಿಲ್ಲ, ಫೆವಿಕಾಲ್ ಸಾಕು. ಕೆಳಗಿನ ಬಣ್ಣ ಒಣಗಿದ ಮೇಲೆ ಫೆವಿಕಾಲ್ ಒಂದು ಪದರ ಹಚ್ಚಿ. ಬೆರಳಿಗೆ ಇನ್ನೂ ಅಂಟುತ್ತಿರುವಾಗಲೇ ಮೇಲೆ ನೀರಿನ ಮ್ಯಾಟ್ ಬಣ್ಣವನ್ನು ಬ್ರಷ್ ತುಂಬ ತಗೊಂಡು ಒಂದೇ ಎಳೆತಕ್ಕೆ ಹಚ್ಚಿ. ಎರಡನೇ ಸಲ ಅದೇ ಜಾಗಕ್ಕೆ ಬ್ರಷ್ ಹೋಗಬಾರದು, ಹೋದರೆ ಬಿರುಕು ಕಲಸಿಹೋಗುತ್ತದೆ. ಕೆಲವೇ ನಿಮಿಷದಲ್ಲಿ ಬಿರುಕು ಬಿಡತೊಡಗುತ್ತದೆ, ಮಕ್ಕಳಿದ್ದರೆ ಕರೆದು ತೋರಿಸಿ. ಅಂಟು ದಪ್ಪ ಇದ್ದರೆ ದೊಡ್ಡ ಬಿರುಕು, ತೆಳ್ಳಗಿದ್ದರೆ ಸಣ್ಣ ಬಿರುಕು. ಫೋಟೋ ಚೌಕಟ್ಟಿಗೆ, ಟ್ರೇ ಅಂಚಿಗೆ ಸರಿ. ನೀರು ಬೀಳುವ ಕಡೆ ಬೇಡ, ಕೆಳಗಿರುವುದು ಅಂಟು, ನೀರಿಗೆ ಮೆತ್ತಗಾಗುತ್ತದೆ.

ನನ್ನನ್ನು ಕೇಳಿದರೆ ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಒಪ್ಪುವುದು ಸ್ಟೆನ್ಸಿಲ್. ಹಳೇ ಎಕ್ಸ್‌ರೇ ಫಿಲಂ ಮನೆಯಲ್ಲಿ ಇದ್ದೇ ಇರುತ್ತದೆ, ಅದರಲ್ಲಿ ಕತ್ತರಿಸಿ. ಬ್ರಷ್‌ಗೆ ಬಣ್ಣ ತಗೊಂಡು ನ್ಯೂಸ್ ಪೇಪರಿನ ಮೇಲೆ ಒರೆಸಿ, ಬಣ್ಣವೇ ಇಲ್ಲವೇನೋ ಅನ್ನುವಷ್ಟು ಒಣಗಿದ ಮೇಲೆ ನೆಟ್ಟಗೆ ಕುಟ್ಟುತ್ತಾ ಹೋಗಿ. ಎಳೆದರೆ ಬಣ್ಣ ಫಿಲಂ ಕೆಳಗೆ ನುಗ್ಗುತ್ತದೆ. ವಿನ್ಯಾಸಕ್ಕೆ ಪರದೇಶದ ಗುಲಾಬಿ ಬಳ್ಳಿಯೇ ಯಾಕೆ? ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ನೇರ ಗೆರೆ, ತ್ರಿಕೋನ, ಚೌಕ, ಇವೇ ಜಾಸ್ತಿ, ಹಾಗಾಗಿ ಬಾಗಿಲಿನ ಅಂಚಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಅಲ್ಲಿ ಕೈಯಿಂದ ಎಳೆದ ಗೆರೆಗೆ ಇರುವ ಜೀವ ಸ್ಟೆನ್ಸಿಲ್‌ಗೆ ಬರುವುದಿಲ್ಲ. ಆಗುವುದಾದರೆ ಬರೆಯಬಲ್ಲವರನ್ನೇ ಕರೆಸಿ, ಕೂಲಿ ಕೊಟ್ಟು ಬರೆಸಿ.

ಮುಂದಿನ ಸಾಲಿನವರೊಬ್ಬರು ಆಗಲೇ ಕೇಳಿದರು, ಚನ್ನಪಟ್ಟಣದ ಗೊಂಬೆಯ ಹೊಳಪು ಕಪಾಟಿಗೆ ತರಬಹುದಾ ಅಂತ. ಬಾಗಿಲಿಗೆ ಆಗುವುದಿಲ್ಲ. ಅಲ್ಲಿ ಬ್ರಷ್ಷೇ ಇಲ್ಲ. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣ ತಾಳೆ ಗರಿ ಒತ್ತಿ ಹಿಡಿದರೆ ಹೊಳಪು. ತಿರುಗದ ವಸ್ತುವಿಗೆ ಆ ಹೊಳಪಿಲ್ಲ, ಹಲಗೆ ಹೇಗೆ ತಿರುಗುತ್ತದೆ ಹೇಳಿ? ಆದರೆ ಗುಂಡು ಹಿಡಿಗಳು ತಿರುಗುತ್ತವೆ! ಡ್ರಾಯರಿಗೆ ಹಾಕುವ ಅರಗಿನ ಹಿಡಿಗಳನ್ನು ಚನ್ನಪಟ್ಟಣದಲ್ಲೇ ಮಾಡುತ್ತಾರೆ. ಸಾದಾ ಬಿಳಿ ಕಪಾಟಿಗೆ ಹಳದಿ, ಕೆಂಪು ಹಿಡಿ ಹಾಕಿ ನೋಡಿ, ಕಪಾಟಿನ ಖರ್ಚಿನಲ್ಲಿ ಒಂದು ಚೂರು ಅಷ್ಟೇ. ಒಲೆ ಪಕ್ಕ ಮಾತ್ರ ಹಾಕಬೇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಿದರೂ ಮಂಕಾಗುತ್ತದೆ, ಅದರಲ್ಲಿರುವುದೂ ಅರಗನ್ನು ಕರಗಿಸುವ ಸ್ಪಿರಿಟ್‌ನಂಥ ಆಲ್ಕೊಹಾಲೇ.

ಯಾವಾಗ ಮಾಡಬೇಕು? ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬ ತೆರೆಯಬೇಡಿ. ಗಾಳಿಯಲ್ಲಿ ತೇವ ಇದ್ದರೆ ಅರಗಿನ ಪಾಲಿಶ್, ಲ್ಯಾಕರ್ ಎರಡೂ ಹಾಲಿನ ಹಾಗೆ ಬೆಳ್ಳಗಾಗುತ್ತವೆ. ಬಯಲುಸೀಮೆಯವರು ಏಪ್ರಿಲ್ ಮಧ್ಯಾಹ್ನ ಬಿಡಿ, ನೀರಿನ ಬಣ್ಣ ಬ್ರಷ್ ಎತ್ತುವ ಮೊದಲೇ ಒಣಗಿ ಗೆರೆ ನಿಲ್ಲುತ್ತದೆ. ಬೆಳಗಿನ ಹೊತ್ತು ಒಳ್ಳೆಯದು. ಇನ್ನೊಂದು, ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ನಾಲ್ಕು ಗಂಟೆಗೆ ಕೈಗೆ ಅಂಟುವುದಿಲ್ಲ ನಿಜ, ಆದರೆ ನೀರಿನ ಎನಾಮಲ್ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಷ್ಟರೊಳಗೆ ಅದರ ಮೇಲೆ ಸ್ಟೀಲ್ ಡಬ್ಬ ಇಟ್ಟರೆ ತಳ ಅಂಟಿ ದುಂಡಗೆ ಗುರುತು ಬೀಳುತ್ತದೆ. ಹಬ್ಬಕ್ಕೆ ಮುಗಿಸಬೇಕು ಅಂತಿದ್ದರೆ ಹಬ್ಬದಿಂದ ಹಿಂದಕ್ಕೆ ತಿಂಗಳು ಎಣಿಸಿ ಶುರು ಮಾಡಿ.

ಮರಕ್ಕೆ ಅಗಸೆ ಎಣ್ಣೆ, ಅಂದರೆ ಲಿನ್‌ಸೀಡ್, ಹಚ್ಚಲು ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿ ಇರುವುದಿಲ್ಲ, ತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಮುಳುಗಿಸಿ ಇಡಿ, ಇಲ್ಲವೇ ಬಿಡಿಸಿ ಹೊರಗೆ ಒಣಹಾಕಿ.

ಕೊನೆಗೆ ಬಾಡಿಗೆ ಮನೆಯವರ ಪ್ರಶ್ನೆ. ಮನೆ ಮಾಲೀಕರ ಅಡುಗೆಮನೆ ಕಪಾಟಿಗೆ ಬಣ್ಣ ಹಚ್ಚಲು ಅವರು ಒಪ್ಪಿದರೂ ನಾನಾದರೆ ಹಚ್ಚುವುದಿಲ್ಲ. ತೊಳೆದು ಉಜ್ಜುವ ಶ್ರಮವೆಲ್ಲ ಬಿಟ್ಟು ಹೋಗಬೇಕಾದದ್ದು. ಹಿಡಿಗಳನ್ನು ಬದಲಾಯಿಸಿ, ಹಳೆಯವನ್ನು ಒಂದು ಕವರಿನಲ್ಲಿ ಸ್ಕ್ರೂ ಸಮೇತ ಕಟ್ಟಿ ಅದೇ ಡ್ರಾಯರಿನಲ್ಲಿಡಿ, ಖಾಲಿ ಮಾಡುವ ದಿನ ಹಾಕಿಕೊಟ್ಟು ಹೋಗಿ. ಬಣ್ಣದ ಆಸೆಯನ್ನು ನಿಮ್ಮ ಜೊತೆ ಲಾರಿ ಹತ್ತುವ ಸಾಮಾನಿನ ಮೇಲೆ ತೀರಿಸಿಕೊಳ್ಳಿ.